ಪರಿಹಾರದ ಹಣಕ್ಕೆ ಮೊದಲು ಪರಿಹಾರದ ಪಟ್ಟಿ ಬರಲಿ

ಮಾನ್ಯರೆ,

2025ರ ಆಗಸ್ಟ್ ಮತ್ತು ಸೆಪ್ಟೆಂಬರ್ ಮಳೆಗೆ ಕಲಬುರಗಿ, ಬೀದರ್, ಯಾದಗಿರಿ, ವಿಜಯಪುರ ಜಿಲ್ಲೆಗಳಲ್ಲಿ ತೊಗರಿ, ಹತ್ತಿ, ಹೆಸರು, ಉದ್ದು ನೀರುಪಾಲಾದವು. ಸೆಪ್ಟೆಂಬರ್ 30ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಎಸ್‌ಡಿಆರ್‌ಎಫ್ (ರಾಜ್ಯ ವಿಪತ್ತು ಸ್ಪಂದನಾ ನಿಧಿ) ದರದ ಮೇಲೆ ಹೆಕ್ಟೇರಿಗೆ ಇನ್ನೂ 8,500 ರೂಪಾಯಿ ಕೊಡುವುದಾಗಿ ಘೋಷಿಸಿದರು. ಅಂದಿನಿಂದ ನಡೆದ ಚರ್ಚೆಯೆಲ್ಲ ದಿಲ್ಲಿ ಎಷ್ಟು ಕೊಟ್ಟಿತು, ಬೆಂಗಳೂರು ಎಷ್ಟು ಕೊಟ್ಟಿತು ಎಂಬುದರ ಸುತ್ತಲೇ. ಆ ಲೆಕ್ಕ ಆಗಬೇಕಾದದ್ದೇ. ಆದರೆ ಹೊಲದಲ್ಲಿ ಬೆಳೆ ಹೋದ ದಿನದಿಂದ ಖಾತೆಗೆ ಹಣ ಬೀಳುವ ದಿನದವರೆಗೆ ಅರ್ಹ ರೈತನ ಹೆಸರು ಎಲ್ಲೆಲ್ಲಿ ಜಾರಿಬೀಳುತ್ತದೆ ಎಂಬ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ದರ ಹೆಚ್ಚಿಸಲು ಖಜಾನೆ ಬೇಕು, ಈ ಸೋರಿಕೆ ನಿಲ್ಲಿಸಲು ಒಂದು ಕಾಗದ ಸಾಕು. ಹಣ ಹಾಕುವ ಮೊದಲೇ ಊರಲ್ಲಿ ಅಂಟಿಸುವ ಕರಡು ಪಟ್ಟಿಯೇ ಆ ಕಾಗದ. ಈ ಪತ್ರ ಅದರ ಬಗ್ಗೆ.

ಮೊದಲಿಗೆ, ಈ ಹಣ ಏನು ಎಂಬುದೇ ಅನೇಕರಿಗೆ ಸ್ಪಷ್ಟವಿಲ್ಲ. ನಾವೆಲ್ಲ ‘ಬೆಳೆ ಪರಿಹಾರ’ ಅನ್ನುತ್ತೇವೆ. ಕಾಗದದಲ್ಲಿ ಇದರ ಹೆಸರು ಇನ್‌ಪುಟ್ ಸಬ್ಸಿಡಿ. ಹೋದ ಬೆಳೆಯ ಬೆಲೆ ಇದಲ್ಲ, ಮುಂದಿನ ಬಿತ್ತನೆಗೆ ಬೀಜ-ಗೊಬ್ಬರಕ್ಕೆ ಕೊಡುವ ಕೈಸಾಲದಷ್ಟರ ನೆರವು. 2022–23ರಿಂದ 2025–26ರ ಅವಧಿಗೆ ಕೇಂದ್ರ ಗೃಹ ಸಚಿವಾಲಯ ನಿಗದಿಪಡಿಸಿದ ದರ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500, ನೀರಾವರಿ ಬೆಳೆಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ. ಒಬ್ಬ ರೈತನಿಗೆ ಹೆಚ್ಚೆಂದರೆ 2 ಹೆಕ್ಟೇರ್, ಅಂದರೆ 4 ಎಕರೆ 38 ಗುಂಟೆಯ ಹತ್ತಿರ. ರಾಜ್ಯದ ಹೆಚ್ಚುವರಿ ಸೇರಿದರೆ ಕ್ರಮವಾಗಿ 17,000, 25,500 ಮತ್ತು 31,000 ಆಗುತ್ತದೆ.

ಹೆಕ್ಟೇರಿನ ಭಾಷೆ ಕಚೇರಿಯದು, ಹೊಲದ ಭಾಷೆ ಎಕರೆ-ಗುಂಟೆಯದು. ಒಂದು ಹೆಕ್ಟೇರಿಗೆ ಸುಮಾರು 98.8 ಗುಂಟೆ. ಮೂಲ ದರದಲ್ಲಿ ಒಣ ಬೇಸಾಯದ ಒಂದು ಗುಂಟೆಗೆ 86 ರೂಪಾಯಿ, ಒಂದು ಎಕರೆಗೆ 3,440 ರೂಪಾಯಿ. ನೀರಾವರಿಯ ಎಕರೆಗೆ 6,880, ತೋಟದ ಎಕರೆಗೆ 9,106. ಇಷ್ಟನ್ನು ಪಂಚಾಯಿತಿ ಗೋಡೆಯ ಮೇಲೆ ಬರೆಸಿದ್ದರೆ ತಾಲ್ಲೂಕು ಕಚೇರಿಯ ಮುಂದಿನ ಅರ್ಧ ಜಗಳ ಇರುತ್ತಿರಲಿಲ್ಲ. ಉದಾಹರಣೆಗೆ 4 ಎಕರೆ 10 ಗುಂಟೆ ಒಣ ತೊಗರಿ ಹೋಗಿದ್ದರೆ ಅದು 170 ಗುಂಟೆ, 1.72 ಹೆಕ್ಟೇರ್. ಮೂಲ ದರದಲ್ಲಿ 14,620 ರೂಪಾಯಿ, ಹೆಚ್ಚುವರಿ ಸೇರಿ 29,240. ಅದೇ 4 ಎಕರೆ 10 ಗುಂಟೆಯನ್ನು ದಾಖಲಿಸುವವರು 1 ಎಕರೆ 10 ಗುಂಟೆ ಎಂದು ಬೆರಳು ತಪ್ಪಿ ಒತ್ತಿದರೆ ಮೂಲ ದರದಲ್ಲಿ ಬರುವುದು 4,300. ಖಾತೆಗೆ ಬಿದ್ದ ಮೊತ್ತ ನೋಡಿ ಸರ್ಕಾರ ಕಡಿಮೆ ಕೊಟ್ಟಿತು ಎಂದು ರೈತ ಬೈಯುತ್ತಾನೆ. ತಪ್ಪು ಒಂದು ಅಂಕಿಯದು ಎಂಬುದು ಅವನಿಗೆ ಗೊತ್ತಾಗುವ ದಾರಿಯೇ ಇಲ್ಲ.

ಇನ್ನೊಂದು ನಿಯಮ ಸಣ್ಣ ಹಿಡುವಳಿದಾರರಿಗೆ ಮುಖ್ಯ, ಆದರೆ ಹೇಳುವವರಿಲ್ಲ. ಮಳೆಯಾಶ್ರಿತಕ್ಕೆ ಕನಿಷ್ಠ 1,000, ನೀರಾವರಿಗೆ 2,000, ಬಹುವಾರ್ಷಿಕಕ್ಕೆ 2,500 ರೂಪಾಯಿಗಿಂತ ಕಡಿಮೆ ಕೊಡುವಂತಿಲ್ಲ. 11 ಗುಂಟೆ ಒಣ ಹೊಲಕ್ಕೆ ಲೆಕ್ಕ ಹಾಕಿದರೆ 946 ರೂಪಾಯಿ ಬರುತ್ತದೆ, ಆದರೂ 1,000 ಸಲ್ಲಬೇಕು. ಖಾತೆಗೆ ಮುನ್ನೂರು-ನಾನೂರು ಬಿದ್ದವರು ಕಿಸೆಗಿಟ್ಟು ಸುಮ್ಮನಾಗದೆ ಈ ನಿಯಮ ತೋರಿಸಿ ಕೇಳಬೇಕು.

ಈಗ ಮುಖ್ಯ ಗಂಟಿಗೆ ಬರೋಣ. ಬೆಳೆ ನಷ್ಟ ಶೇ 33 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಈ ಹಣ. 2015ಕ್ಕೆ ಮೊದಲು ಶೇ 50 ಇತ್ತು, ಇಳಿಸಿದ್ದು ಒಳ್ಳೆಯದೇ. ಆದರೆ ಶೇ 32 ಹೋದವನಿಗೆ ಸೊನ್ನೆ, ಶೇ 33 ಹೋದವನಿಗೂ ಪೂರ್ತಿ ಹೋದವನಿಗೂ ಒಂದೇ ದರ. ಹೀಗಾಗಿ ಇಡೀ ವ್ಯವಸ್ಥೆ ಸಮೀಕ್ಷೆಗೆ ಬಂದವರು ಹೊಲದ ಬದುವಿನ ಮೇಲೆ ನಿಂತು ಹಾಕುವ ಒಂದು ಅಂದಾಜಿನ ಮೇಲೆ ನಿಂತಿದೆ. ಕಂದಾಯ, ಕೃಷಿ, ತೋಟಗಾರಿಕೆ ಇಲಾಖೆಗಳವರು ಕೂಡಿ ಮಾಡುವ ಜಂಟಿ ಸಮೀಕ್ಷೆ ಇದು. ಮೂರೂ ಇಲಾಖೆಯವರು ಪ್ರತಿ ಹೊಲಕ್ಕೆ ಒಟ್ಟಿಗೆ ಕಾಲಿಡುತ್ತಾರೆಂದು ನಂಬುವಷ್ಟು ಅಮಾಯಕರು ಹಳ್ಳಿಯಲ್ಲಿ ಯಾರೂ ಇಲ್ಲ. ಒಬ್ಬ ಗ್ರಾಮ ಆಡಳಿತ ಅಧಿಕಾರಿಯ ಮೇಲೆ ಹಲವು ಹಳ್ಳಿಗಳ ಭಾರವಿದ್ದಾಗ, ರಸ್ತೆ ಪಕ್ಕದ ಹೊಲಗಳನ್ನು ನೋಡಿ ಒಳಗಿನವಕ್ಕೆ ಅದೇ ಅಂದಾಜು ಹಚ್ಚುವುದು ಸಹಜ. ಆಳುಗಳ ಕೊರತೆ ಅದಕ್ಕೆ ಕಾರಣ, ದುರುದ್ದೇಶ ಎಂದೇನೂ ಅಲ್ಲ.

ತೊಗರಿಯ ವಿಷಯದಲ್ಲಿ ಸಮೀಕ್ಷೆಯ ದಿನಾಂಕವೇ ಅನ್ಯಾಯ ಮಾಡುತ್ತದೆ. ಎರೆ ಭೂಮಿಯಲ್ಲಿ ನೀರು ನಿಂತರೆ ಬೇರಿಗೆ ಉಸಿರು ಕಟ್ಟುತ್ತದೆ. ಆದರೆ ಗಿಡ ಅಂದೇ ಒಣಗುವುದಿಲ್ಲ. ನೀರು ಇಳಿದ ಮೇಲೂ ಕೆಲವು ದಿನ ಹಸಿರಾಗಿ ನಿಂತಿರುತ್ತದೆ. ಆಮೇಲೆ ಎಲೆ ಹಳದಿಯಾಗಿ, ತುದಿ ಬಾಗಿ, ಸಾಲು ಸಾಲೇ ಒಣಗುತ್ತದೆ. ಹಸಿರಿದ್ದ ವಾರದಲ್ಲಿ ಸಮೀಕ್ಷೆ ಬಂದರೆ ನಷ್ಟ ಶೇ 20 ಎಂದು ಬರೆದು ಹೋಗುತ್ತಾರೆ. ಎರಡು ವಾರ ತಡವಾಗಿ ಬಂದಿದ್ದರೆ ಶೇ 70 ಬರೆಯುತ್ತಿದ್ದರು. ನೀರು ನಿಂತ ತೊಗರಿಗೆ ಎರಡನೇ ಸುತ್ತಿನ ಪರಿಶೀಲನೆ ಕಡ್ಡಾಯ ಎಂಬ ಒಂದು ಸಾಲಿನ ಸುತ್ತೋಲೆ ಸಾಕು.

ಇಲ್ಲಿ ಒಂದು ಸೂಕ್ಷ್ಮವಿದೆ. ಎಸ್‌ಡಿಆರ್‌ಎಫ್ ಅಡಿ ನೆರವಿಗೆ ಅರ್ಹವಾದ ವಿಪತ್ತುಗಳು ಹನ್ನೆರಡು. ಪ್ರವಾಹ, ಮೇಘಸ್ಫೋಟ, ಬರ, ಆಲಿಕಲ್ಲು ಮಳೆ, ಭೂಕುಸಿತ, ಕೀಟಬಾಧೆ, ಚಳಿಗಾಳಿ ಮೊದಲಾದವು ಅದರಲ್ಲಿವೆ. ಬೆಳೆ ರೋಗ ಇಲ್ಲ. 2022–23ರಲ್ಲಿ ನೆಟೆ ರೋಗಕ್ಕೆ ತೊಗರಿ ಒಣಗಿದಾಗ ರಾಜ್ಯ ಸರ್ಕಾರ ಪ್ರತ್ಯೇಕವಾಗಿ ಪರಿಹಾರ ಘೋಷಿಸಬೇಕಾಗಿ ಬಂದದ್ದು ಇದಕ್ಕೇ. ಹೊಲದಲ್ಲಿ ನೀರು ನಿಂತು, ಅದರಿಂದ ಗಿಡ ಸೊರಗಿ, ನೆಟೆ ಹತ್ತಿ ಸತ್ತರೆ ಕಾರಣ ಪ್ರವಾಹವೋ ರೋಗವೋ? ಸಮೀಕ್ಷೆಯ ನಮೂನೆಯಲ್ಲಿ ‘ರೋಗ’ ಎಂದು ಬರೆದರೆ ಅರ್ಜಿ ಅಲ್ಲಿಗೇ ಮುಗಿಯಿತು. ಹೊಲದ ಮಾಲೀಕ ಅಲ್ಲಿ ನಿಂತು ನೀರು ನಿಂತ ದಿನಾಂಕ, ಎಷ್ಟು ದಿನ ನಿಂತಿತ್ತು ಎಂಬುದನ್ನು ಮಹಜರಿನಲ್ಲಿ ಬರೆಸಬೇಕು. ದಿನಾಂಕ ಮತ್ತು ಜಿಪಿಎಸ್ ಇರುವ ನಾಲ್ಕು ಫೋಟೊ ಮೊಬೈಲಿನಲ್ಲಿರಲಿ. ನೀರು ನಿಂತಾಗ ಒಂದು, ಇಳಿದಾಗ ಒಂದು, ಒಣಗಿದಾಗ ಎರಡು. ಒಂದರಲ್ಲಾದರೂ ಹೊಲ ಗುರುತಿಸುವ ಬಾವಿ, ಮರ, ಬದು ಏನಾದರೂ ಕಾಣಲಿ. ಬರೀ ಎಲೆಯ ಫೋಟೊ ಯಾವ ಹೊಲದ್ದೆಂದು ಹೇಳುವುದಿಲ್ಲ.

ಹೆಸರು-ಉದ್ದಿನ ಕಥೆ ಬೇರೆ. ಕೊಯ್ಲಿಗೆ ಬಂದ ಹೆಸರು ಮಳೆಗೆ ಸಿಕ್ಕರೆ ಕಾಯಿಯಲ್ಲೇ ಮೊಳಕೆ ಒಡೆಯುತ್ತದೆ, ಒಕ್ಕಿದರೂ ಕೊಳ್ಳುವವರಿಲ್ಲ. ರೈತ ಹಿಂಗಾರಿ ಜೋಳಕ್ಕೋ ಕಡಲೆಗೋ ಹೊಲ ಹಸನು ಮಾಡಿಕೊಳ್ಳಲೇಬೇಕು, ಹದ ಯಾರಿಗೂ ಕಾಯುವುದಿಲ್ಲ. ಸಮೀಕ್ಷೆ ಬರುವ ಹೊತ್ತಿಗೆ ಹೊಲ ಖಾಲಿ. ‘ಬೆಳೆ ಇಲ್ಲ’ ಎಂದು ದಾಖಲಾಗುತ್ತದೆ. ಆಗ ಉಳಿಯುವ ಆಧಾರ ಒಂದೇ, ಬೆಳೆ ಸಮೀಕ್ಷೆ.

ಮುಂಗಾರಿನಲ್ಲಿ ರೈತರೇ ಆ್ಯಪ್ ಮೂಲಕ ತಮ್ಮ ಬೆಳೆ ದಾಖಲಿಸುವ ವ್ಯವಸ್ಥೆ ಕೆಲವು ವರ್ಷಗಳಿಂದ ಇದೆ. ಅವರು ಮಾಡದಿದ್ದರೆ ಖಾಸಗಿ ನಿವಾಸಿ ಎಂದು ಕರೆಯುವ ಹಳ್ಳಿಯ ಹುಡುಗರು ಹೊಲಕ್ಕೆ ಹೋಗಿ ಫೋಟೊ ತೆಗೆದು ಏರಿಸುತ್ತಾರೆ. ಪಹಣಿಯ 12ನೇ ಕಾಲಂಗೆ ಹೋಗುವುದು ಈ ಮಾಹಿತಿಯೇ. ಬೆಳೆ ವಿಮೆ, ಬೆಂಬಲ ಬೆಲೆ ಖರೀದಿ, ವಿಪತ್ತು ಪರಿಹಾರ ಎಲ್ಲಕ್ಕೂ ಇದನ್ನೇ ನೋಡುತ್ತಾರೆ. ಇದರಲ್ಲಿ ಹೆಸರು ಬೆಳೆ ಇದ್ದ ಹೊಲಕ್ಕೆ ತೊಗರಿ ಎಂದಿದ್ದರೆ, ಅಥವಾ ಹಿಸ್ಸಾ ಪೂರ್ತಿ ಪಾಳು ಎಂದಿದ್ದರೆ, ಜಂಟಿ ಸಮೀಕ್ಷೆಯ ವರದಿ ಇದಕ್ಕೆ ತಾಳೆಯಾಗದೆ ತಿರಸ್ಕಾರವಾಗುತ್ತದೆ. ತೊಗರಿಯಲ್ಲಿ ಹೆಸರು ಅಕ್ಕಡಿ ಹಾಕಿದವರ ಹೊಲದಲ್ಲಿ ಒಂದೇ ಬೆಳೆ ದಾಖಲಾಗಿರುವುದು ತೀರಾ ಸಾಮಾನ್ಯ. ‘ಬೆಳೆ ದರ್ಶಕ್’ ಆ್ಯಪಿನಲ್ಲಿ ಸರ್ವೆ ನಂಬರ್ ಹಾಕಿ ನೋಡಿದರೆ ಏನು ದಾಖಲಾಗಿದೆ, ಯಾವ ಫೋಟೊ ಏರಿಸಿದ್ದಾರೆ ಎಂಬುದು ಕಾಣುತ್ತದೆ, ಆಕ್ಷೇಪಣೆಯನ್ನೂ ಅಲ್ಲೇ ಹಾಕಬಹುದು. ಅವಧಿ ಮುಗಿದ ಮೇಲೆ ಆಗುವುದಿಲ್ಲ. ಮಳೆ ಬಂದ ಮೇಲೆ ಓಡಾಡುವುದಕ್ಕಿಂತ ಬಿತ್ತಿದ ತಿಂಗಳಲ್ಲಿ ಹತ್ತು ನಿಮಿಷ ಇದಕ್ಕೆ ಕೊಡುವುದು ಲೇಸು.

ಅದೇ ಸಮೀಕ್ಷೆಯಲ್ಲಿ ನೀರಿನ ಮೂಲ ಎಂಬ ಇನ್ನೊಂದು ಖಾನೆ ಇದೆ. ಕೊಳವೆಬಾವಿ ಅಥವಾ ಕಾಲುವೆ ಎಂದು ಬರೆಯದೆ ‘ಮಳೆಯಾಶ್ರಿತ’ ಎಂದು ಬಿಟ್ಟರೆ ದರ ಹೆಕ್ಟೇರಿಗೆ 17,000 ಬದಲು 8,500. ಬೆರಳಿನ ಒಂದು ಒತ್ತು ಅರ್ಧ ಹಣ ತಿನ್ನುತ್ತದೆ. ಆದರೂ ಇದನ್ನು ನೋಡಿಕೊಳ್ಳುವವರು ಬೆರಳೆಣಿಕೆಯಷ್ಟು ಜನ.

ಇಷ್ಟೆಲ್ಲ ಸರಿಯಾಗಿ ಆದ ಮೇಲೆ ದತ್ತಾಂಶ ‘ಪರಿಹಾರ’ ತಂತ್ರಾಂಶಕ್ಕೆ ಹೋಗುತ್ತದೆ. ಗ್ರಾಮ ಆಡಳಿತ ಅಧಿಕಾರಿ ಅಥವಾ ತಾಲ್ಲೂಕು ಕಚೇರಿಯ ಸಿಬ್ಬಂದಿ ಸರ್ವೆ ನಂಬರುವಾರು ದಾಖಲಿಸುತ್ತಾರೆ, ಮೇಲಿನವರು ಪರಿಶೀಲಿಸುತ್ತಾರೆ, ಅನುಮೋದನೆಯಾದ ಕಂತು ಖಜಾನೆಯ ಮೂಲಕ ಆಧಾರ್ ಆಧಾರಿತವಾಗಿ ನೇರ ಖಾತೆಗೆ ಹೋಗುತ್ತದೆ. ಒಂದು ಋತುವಿನ ದಾಖಲಾತಿ ಮುಚ್ಚಿತೆಂದರೆ ಬಿಟ್ಟುಹೋದ ಹೆಸರನ್ನು ಸೇರಿಸಲು ತಹಶೀಲ್ದಾರರ ಕೈಯಲ್ಲಿ ಏನೂ ಇರುವುದಿಲ್ಲ, ಮತ್ತೆ ಮೇಲಿನಿಂದ ತೆರೆಸಬೇಕು. ‘ಸಾಫ್ಟ್‌ವೇರ್ ಬಂದ್ ಆಗ್ಯಾದ’ ಎಂಬ ಉತ್ತರ ನೆಪದಂತೆ ಕೇಳಿಸಿದರೂ ಬಹಳ ಸಲ ನಿಜವೇ. ತಪ್ಪು ಗೊತ್ತಾಗುವುದು ಹಣ ಬಂದ ಮೇಲೆ, ತಿದ್ದುವ ಬಾಗಿಲು ಮುಚ್ಚಿರುವುದು ಹಣ ಬರುವ ಮೊದಲೇ. ಇಡೀ ರೋಗ ಇರುವುದು ಇಲ್ಲಿ.

ಈ ತಂತ್ರಾಂಶ ರೈತನನ್ನು ಗುರುತಿಸುವುದು ಫ್ರೂಟ್ಸ್ ಎಂಬ ರೈತರ ನೋಂದಣಿ ವ್ಯವಸ್ಥೆ ಕೊಡುವ ಗುರುತಿನ ಸಂಖ್ಯೆಯಿಂದ, ಅಂದರೆ ಎಫ್‌ಐಡಿಯಿಂದ. ಎಫ್‌ಐಡಿ ಮಾಡಿಸಿದ್ದೇನೆ ಎಂದು ನಿಶ್ಚಿಂತೆಯಾಗಿರುವವರೇ ಹೆಚ್ಚು. ಸಂಖ್ಯೆ ಇದ್ದರೆ ಸಾಲದು, ಅದಕ್ಕೆ ಪ್ರತಿಯೊಂದು ಸರ್ವೆ ನಂಬರೂ ಜೋಡಣೆಯಾಗಿರಬೇಕು. ಮೂರು ಕಡೆ ಹೊಲವಿದ್ದು ಎರಡು ಮಾತ್ರ ಜೋಡಣೆಯಾಗಿದ್ದರೆ ಮೂರನೆಯದಕ್ಕೆ ಹಣವಿಲ್ಲ. ಎಫ್‌ಐಡಿ ಆದ ಮೇಲೆ ಕೊಂಡ, ಭಾಗವಾಗಿ ಬಂದ, ಪೋಡಿಯಾಗಿ (ಸರ್ವೆ ನಂಬರ್ ವಿಭಜನೆಯಾಗಿ) ಹೊಸ ಹಿಸ್ಸಾ ನಂಬರ್ ಬಿದ್ದ ಜಮೀನು ತಾನಾಗಿಯೇ ಸೇರುತ್ತದೆಂದು ನೆಚ್ಚಬಾರದು. ರೈತ ಸಂಪರ್ಕ ಕೇಂದ್ರಕ್ಕೆ ಆಧಾರ್, ಎಲ್ಲ ಪಹಣಿ, ಪಾಸ್‌ಬುಕ್ ಒಯ್ದು, ಜೋಡಣೆಯಾದ ಸರ್ವೆ ನಂಬರುಗಳ ಪಟ್ಟಿಯನ್ನು ಪರದೆಯ ಮೇಲೆ ತೋರಿಸಿರೆಂದು ಕೇಳಬೇಕು. ಪಹಣಿಯಲ್ಲಿ ‘ಶರಣಪ್ಪ’, ಆಧಾರಿನಲ್ಲಿ ‘ಶರಣಬಸಪ್ಪ’ ಎಂದಿದ್ದರೆ ಹೆಸರು ತಾಳೆಯಾಗದೆ ನಿಲ್ಲುವುದೂ ಇಲ್ಲಿಯೇ.

ಎಫ್‌ಐಡಿ ಆಗದಿರುವುದಕ್ಕೆ ದೊಡ್ಡ ಕಾರಣ ಪಹಣಿ ಇನ್ನೂ ಸತ್ತವರ ಹೆಸರಿನಲ್ಲಿರುವುದು. ಅಜ್ಜನ ಹೆಸರಿನ ಹೊಲವನ್ನು ಮೊಮ್ಮಕ್ಕಳು ಬಿತ್ತುತ್ತಾರೆ. ಕಾಗದದ ಮಟ್ಟಿಗೆ ಬೆಳೆ ಹೋದದ್ದು ಅಜ್ಜನದು. ಮರಣ ಪ್ರಮಾಣಪತ್ರ, ವಂಶವೃಕ್ಷ ಹಚ್ಚಿ ನಾಡಕಚೇರಿಯಲ್ಲಿ ಪೌತಿ ಖಾತೆಗೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆಗೆ, ಅರ್ಜಿ ಕೊಡುವುದೇ ದಾರಿ. ಹಳೆಯ ಮರಣಗಳಿಗೆ ಪ್ರಮಾಣಪತ್ರವೇ ಇರುವುದಿಲ್ಲ, ಅದಕ್ಕೆ 2023ರ ಕಾನೂನು ತಿದ್ದುಪಡಿಯ ನಂತರ ಜಿಲ್ಲಾ ಅಥವಾ ಉಪವಿಭಾಗೀಯ ದಂಡಾಧಿಕಾರಿಯ ಆದೇಶ ಬೇಕು. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಸಹಿ ಬೇಕಾಗುತ್ತದೆಂದು ಕೆಲವರು ಬೇಕಂತಲೇ ಮುಂದೂಡುತ್ತಾರೆ. ಹೀಗೆ ಮುಂದೂಡಿದವರು ಪ್ರತಿ ಬರ, ಪ್ರತಿ ನೆರೆಯಲ್ಲೂ ತಮಗೆ ಬರಬೇಕಾದ ಪರಿಹಾರ ಕಳೆದುಕೊಳ್ಳುತ್ತಿದ್ದಾರೆ ಎಂಬುದನ್ನೂ ಹೇಳಬೇಕು. ಜಂಟಿ ಪಹಣಿಯದು ಇನ್ನೊಂದು ಕಗ್ಗಂಟು. ನಾಲ್ವರ ಹೆಸರಿದ್ದು ಯಾರಿಗೆ ಎಷ್ಟು ಗುಂಟೆ ಎಂದು ಬರೆಯದಿದ್ದರೆ, ಹಂಚಿಕೆ ತಕರಾರಿಗೆ ಬಿದ್ದು ಯಾರಿಗೂ ಸರಿಯಾಗಿ ಮುಟ್ಟುವುದಿಲ್ಲ.

ಲಾವಣಿಗೆ, ಅಂದರೆ ಗೇಣಿಗೆ, ಹೊಲ ಮಾಡಿದವರ ಪಾಡು ಇನ್ನೂ ಕಷ್ಟ. ಕರ್ನಾಟಕದ ಭೂಸುಧಾರಣಾ ಕಾನೂನು ಕೃಷಿ ಜಮೀನು ಗೇಣಿಗೆ ಕೊಡುವುದನ್ನು ಸಾಮಾನ್ಯವಾಗಿ ನಿಷೇಧಿಸಿದೆ. ಆದ್ದರಿಂದ ಲಾವಣಿ ನಡೆಯುವುದೆಲ್ಲ ಬಾಯಿಮಾತಿನಲ್ಲಿ. ಬೀಜ, ಗೊಬ್ಬರ, ಕೂಲಿ ಹಾಕಿ ಸಾಲ ಮಾಡಿದವನು ಒಬ್ಬ, ಪರಿಹಾರ ಬೀಳುವುದು ಪಟ್ಟಣದಲ್ಲಿ ಕೂತ ಇನ್ನೊಬ್ಬನ ಖಾತೆಗೆ. ಇನ್‌ಪುಟ್ ಸಬ್ಸಿಡಿ ಎಂಬ ಹೆಸರಿಗೆ ಇದಕ್ಕಿಂತ ದೊಡ್ಡ ಅಣಕವಿಲ್ಲ. ಕಾನೂನು ಬದಲಾಗುವವರೆಗೆ ಸರ್ಕಾರ ಮಾಡಬಹುದಾದದ್ದು ಕಡಿಮೆ. ಲಾವಣಿ ಮಾತಾಡುವಾಗಲೇ ‘ಸರ್ಕಾರದ ಪರಿಹಾರ ಬಂದರೆ ಅದು ಯಾರಿಗೆ’ ಎಂದು ನಾಲ್ಕು ಜನರ ಮುಂದೆ ಖಚಿತ ಮಾಡಿಕೊಳ್ಳುವುದು ಜಾಣತನ.

ಬ್ಯಾಂಕಿನ ಮಜಲು ಬೇರೆ ತರಹದ ಬಲೆ. ಹಣ ಹೋಗುವುದು ರೈತ ಕೊಟ್ಟ ಖಾತೆ ಸಂಖ್ಯೆಗಲ್ಲ, ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ದಾಖಲೆಯಲ್ಲಿ ಆಧಾರಿಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಮೊಬೈಲ್ ಸಿಮ್ ಕೊಳ್ಳುವಾಗಲೋ ಯಾವುದೋ ಶಿಬಿರದಲ್ಲೋ ಹೆಬ್ಬೆಟ್ಟು ಒತ್ತಿ ತೆರೆದ ಪೇಮೆಂಟ್ಸ್ ಬ್ಯಾಂಕ್ ಖಾತೆ ಇದ್ದರೆ ಹಣ ಅಲ್ಲಿ ಹೋಗಿ ಕೂತಿರುತ್ತದೆ, ರೈತ ತನ್ನ ಹಳೆಯ ಪಾಸ್‌ಬುಕ್ ಹಿಡಿದು ಎಂಟ್ರಿ ಮಾಡಿಸುತ್ತ ಅಲೆಯುತ್ತಾನೆ. ಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಜೋಡಣೆಯ ಸ್ಥಿತಿ ನೋಡಿದರೆ ಯಾವ ಬ್ಯಾಂಕ್ ಎಂಬುದು ತಿಳಿಯುತ್ತದೆ. ಬದಲಿಸಬೇಕಿದ್ದರೆ ಬೇಕಾದ ಬ್ಯಾಂಕಿಗೆ ಹೋಗಿ ‘ನೇರ ನಗದು ವರ್ಗಾವಣೆಗೆ ಆಧಾರ್ ಜೋಡಣೆ’ ಎಂದೇ ಅರ್ಜಿ ಕೊಡಬೇಕು. ಬರೀ ಆಧಾರ್ ಪ್ರತಿ ಕೊಟ್ಟು ಬಂದರೆ ಅದು ಕೆವೈಸಿಗೆ ಮಾತ್ರ. ವರ್ಷಗಟ್ಟಲೆ ವ್ಯವಹಾರ ಇಲ್ಲದ ಖಾತೆ ನಿಷ್ಕ್ರಿಯವಾಗಿ ಹಣ ವಾಪಸು ಹೋಗುವುದೂ ಉಂಟು. ಇನ್ನು ಆಧಾರ್ ಜೋಡಣೆ ಬೆಳೆಸಾಲದ ಖಾತೆಗಿದ್ದರೆ ಬಂದ ಹಣ ಸಾಲಕ್ಕೆ ವಜಾ ಆಗಿಬಿಡುತ್ತದೆ. 2024ರಲ್ಲಿ ಬರ ಪರಿಹಾರವನ್ನು ಸಾಲಕ್ಕೆ ಹೊಂದಿಸಬಾರದೆಂದು ರಾಜ್ಯ ಸರ್ಕಾರ ಬ್ಯಾಂಕುಗಳಿಗೆ ಸೂಚಿಸಬೇಕಾಯಿತು. ಸೂಚನೆಗೆ ಕಾಯದೆ ಜೋಡಣೆಯನ್ನು ಉಳಿತಾಯ ಖಾತೆಗೆ ಬದಲಿಸಿಕೊಳ್ಳುವುದು ವಾಸಿ.

ಆ ಬರದ ನೆನಪು ಇನ್ನೊಂದಕ್ಕೂ ಬೇಕು. 2023ರ ಸೆಪ್ಟೆಂಬರಿನಲ್ಲಿ ಬರ ಘೋಷಣೆ ಶುರುವಾಗಿ 223 ತಾಲ್ಲೂಕು ಬರಪೀಡಿತವಾದವು. ರಾಜ್ಯ 18,171.44 ಕೋಟಿ ರೂಪಾಯಿ ಕೇಳಿತ್ತು. ಕೇಂದ್ರ ತಂಡ ಅಕ್ಟೋಬರಿನಲ್ಲೇ ಬಂದು ಹೋಯಿತು. ರಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ಮೇಲೆ 2024ರ ಏಪ್ರಿಲ್ ಕೊನೆಗೆ ಸುಮಾರು 3,454 ಕೋಟಿ ಬಿಡುಗಡೆಯಾಯಿತು. ಆ ನಡುವೆ ರಾಜ್ಯ ಸರ್ಕಾರ ಮೊದಲ ಕಂತೆಂದು ಗರಿಷ್ಠ 2,000 ರೂಪಾಯಿ ಕೊಟ್ಟು, ಕೇಂದ್ರದ ಹಣ ಬಂದಾಗ ಅದನ್ನು ಕಳೆದು ಉಳಿದದ್ದನ್ನು ಹಾಕಿತು. 14,620 ಬರಬೇಕಾದವನಿಗೆ ಎರಡನೇ ಸಲ 12,620 ಬಂದರೆ ಅದು ಮೋಸವಲ್ಲ, ಲೆಕ್ಕ. ಆದರೆ ಲೆಕ್ಕದ ಚೀಟಿ ಯಾರ ಕೈಗೂ ಸಿಗಲಿಲ್ಲ. ಹೆಚ್ಚುವರಿ ದರದ ಹಣ ಬೇರೆ ಕಂತಿನಲ್ಲಿ ಬಂದಾಗಲೂ ಇದೇ ಗೊಂದಲ. ಹೆಚ್ಚುವರಿ ಎಂಬುದು ಕಾಯಂ ಹಕ್ಕಲ್ಲ, ಆಯಾ ಸರ್ಕಾರದ ತೀರ್ಮಾನ ಎಂಬುದನ್ನೂ ಮರೆಯಬಾರದು. 2021ರಲ್ಲಿ ಬಸವರಾಜ ಬೊಮ್ಮಾಯಿ ಅವರ ಸರ್ಕಾರ ಅಂದಿನ 6,800ಕ್ಕೆ ಅಷ್ಟೇ ಸೇರಿಸಿ ಮಳೆಯಾಶ್ರಿತಕ್ಕೆ 13,600 ಮಾಡಿತ್ತು. 2023ರ ಬರಕ್ಕೆ ಅಂಥದ್ದು ಇರಲಿಲ್ಲ.

ಭೀಮಾ ದಂಡೆಯ ಅಫಜಲಪುರ, ಜೇವರ್ಗಿ ಕಡೆಯವರಿಗೆ ಇನ್ನೊಂದು ಮಾತು. ಬೆಳೆಗಷ್ಟೇ ಅಲ್ಲ, ಭೂಮಿಗೂ ಪರಿಹಾರವಿದೆ. ಹೊಲದಲ್ಲಿ 3 ಇಂಚಿಗಿಂತ ಹೆಚ್ಚು ಹೂಳು-ಮರಳು ಕೂತಿದ್ದರೆ ತೆಗೆಸಲು ಸಣ್ಣ, ಅತಿಸಣ್ಣ ರೈತರಿಗೆ ಹೆಕ್ಟೇರಿಗೆ 18,000 ರೂಪಾಯಿ. ನದಿ ಪಾತ್ರ ಬದಲಿಸಿ ಭೂಮಿಯೇ ಕೊಚ್ಚಿಹೋದರೆ ಹೆಕ್ಟೇರಿಗೆ 47,000. ಜಂಟಿ ಸಮೀಕ್ಷೆ ಎಣಿಸುವುದು ಬೆಳೆಯನ್ನು. ಮಣ್ಣು ಹೋದದ್ದನ್ನು ರೈತನೇ ಬರೆದುಕೊಡಬೇಕು. ಹೂಳು ತೆಗೆಸುವ ಮುಂಚೆ ಅಳತೆಪಟ್ಟಿ ನೆಟ್ಟು ಫೋಟೊ ತೆಗೆದು, ತಹಶೀಲ್ದಾರರಿಗೆ ಅರ್ಜಿ ಕೊಟ್ಟು, ಸ್ವೀಕೃತಿ ಪಡೆಯಬೇಕು. ಟ್ರ್ಯಾಕ್ಟರ್ ಹಚ್ಚಿ ಹಸನಾದ ಮೇಲೆ ಕೇಳಿದರೆ ಅಳೆಯುವುದೇನನ್ನು?

ಬೆಳೆ ವಿಮೆಯನ್ನು ಇದರ ಜೊತೆ ಕಲಸಬಾರದು. ಅದಕ್ಕೆ ಕಂತು ಕಟ್ಟಿರಬೇಕು, ಸ್ಥಳೀಯ ವಿಕೋಪವಾದರೆ 72 ಗಂಟೆಯೊಳಗೆ ವಿಮಾ ಕಂಪನಿಗೆ ದೂರು ದಾಖಲಿಸಬೇಕು. ಜಂಟಿ ಸಮೀಕ್ಷೆಯವರು ಬಂದುಹೋದದ್ದು ವಿಮೆಯ ದೂರು ಆದಂತಲ್ಲ. ಈ ಒಂದು ತಪ್ಪು ತಿಳಿವಳಿಕೆಯಿಂದ 72 ಗಂಟೆ ಕಳೆದುಕೊಂಡವರು ಬಹಳ.

ಹಾಗಾದರೆ ಆಗಬೇಕಾದ್ದೇನು? ಭೂಮಿ ಜಾಲತಾಣದ ಪರಿಹಾರ ಪಾವತಿ ಪುಟದಲ್ಲಿ ವರ್ಷ, ಋತು, ವಿಪತ್ತಿನ ವಿಧ ಆರಿಸಿ ಆಧಾರ್ ಅಥವಾ ಎಫ್‌ಐಡಿ ಹಾಕಿದರೆ ಹಣದ ಸ್ಥಿತಿ ಕಾಣುತ್ತದೆ. ಒಳ್ಳೆಯ ವ್ಯವಸ್ಥೆ. ಆದರೆ ಅದು ಕಾಣಿಸುವುದು ಪಟ್ಟಿಯಲ್ಲಿ ಇದ್ದವರನ್ನು, ಬಿಟ್ಟುಹೋದವರನ್ನಲ್ಲ. ಬೇಕಿರುವುದು ಪಾವತಿಗೆ ಮೊದಲಿನ ಕರಡು ಪಟ್ಟಿ. ಜಂಟಿ ಸಮೀಕ್ಷೆ ಮುಗಿದ ಕೂಡಲೇ, ಕಂತು ಅನುಮೋದನೆಗೆ ಹೋಗುವ ಮೊದಲು, ಅದನ್ನು ಮುದ್ರಿಸಿ ಗ್ರಾಮ ಪಂಚಾಯಿತಿಯಲ್ಲೂ ಪ್ರತಿ ಹಳ್ಳಿಯ ಗುಡಿ-ಚಾವಡಿಯಲ್ಲೂ ಅಂಟಿಸಬೇಕು. ಏಳು ದಿನ ಆಕ್ಷೇಪಣೆಗೆ ಬಿಡಬೇಕು. ಗೋಡೆಗೆ ಪಟ್ಟಿ ಅಂಟಿಸುವುದು ಹೊಸ ಮಾತೇನೂ ಅಲ್ಲ, ಕೆಲವೆಡೆ ಅಂಟಿಸುತ್ತಾರೆ ಕೂಡ. ಆದರೆ ಬರೀ ಹೆಸರು, ಮೊತ್ತ ಇರುವ ಪಟ್ಟಿಯಿಂದ ಯಾವ ತಪ್ಪೂ ಸಿಗುವುದಿಲ್ಲ. ಸರ್ವೆ ಮತ್ತು ಹಿಸ್ಸಾ ನಂಬರ್, ದಾಖಲಾದ ಬೆಳೆ, ಹಾನಿಯಾದ ಎಕರೆ-ಗುಂಟೆ, ಅಂದಾಜಿಸಿದ ಶೇಕಡಾ, ಮಳೆಯಾಶ್ರಿತವೋ ನೀರಾವರಿಯೋ, ಎಫ್‌ಐಡಿ ಜೋಡಣೆ ಇದೆಯೋ ಇಲ್ಲವೋ, ಆಧಾರ್ ಯಾವುದಾದರೂ ಖಾತೆಗೆ ಜೋಡಣೆಯಾಗಿದೆಯೋ ಇಲ್ಲವೋ, ಇಷ್ಟು ಇರಲಿ. ಆಧಾರ್ ಸಂಖ್ಯೆ, ಖಾತೆ ಸಂಖ್ಯೆ ಬೇಡವೇ ಬೇಡ, ಅದು ವಂಚಕರಿಗೆ ಕೊಟ್ಟ ಉಡುಗೊರೆಯಾಗುತ್ತದೆ.

ಇದರ ಜೊತೆಗೇ ತಿರಸ್ಕೃತರ ಪಟ್ಟಿಯೂ ಬೇರೆಯಾಗಿ ಬೇಕು, ಪ್ರತಿ ಹೆಸರಿನ ಮುಂದೆ ಕಾರಣದೊಂದಿಗೆ. ‘ಎಫ್‌ಐಡಿ ಇಲ್ಲ’, ‘ನಷ್ಟ ಶೇ 33ಕ್ಕಿಂತ ಕಡಿಮೆ’, ‘ಬೆಳೆ ಸಮೀಕ್ಷೆಯಲ್ಲಿ ಪಾಳು’, ‘ಖಾತೆದಾರ ಮೃತ’ ಎಂಬ ನಾಲ್ಕು ಶಬ್ದ ಇದ್ದರೆ ಯಾವ ಕಚೇರಿಗೆ ಹೋಗಬೇಕೆಂದು ರೈತನಿಗೆ ತಾನಾಗಿಯೇ ತಿಳಿಯುತ್ತದೆ. ಮೊದಲನೆಯದಕ್ಕೆ ರೈತ ಸಂಪರ್ಕ ಕೇಂದ್ರ, ಕೊನೆಯದಕ್ಕೆ ನಾಡಕಚೇರಿ. ಈಗ ಎಲ್ಲರೂ ತಾಲ್ಲೂಕು ಕಚೇರಿಯ ಒಂದೇ ಕಿಟಕಿಯ ಮುಂದೆ ನಿಲ್ಲುತ್ತಾರೆ, ಆ ಕಿಟಕಿಯವರಿಗೂ ಕಾರಣ ಗೊತ್ತಿರುವುದಿಲ್ಲ. ಪಟ್ಟಿ ಬರುವವರೆಗೆ ರೈತರು ಮಾಡಬಹುದಾದದ್ದು ಲಿಖಿತ ಅರ್ಜಿ. ಪಹಣಿ, ಎಫ್‌ಐಡಿ, ಫೋಟೊ ಹಚ್ಚಿ ತಹಶೀಲ್ದಾರರಿಗೆ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಬೇಕು. 1902 ಸಹಾಯವಾಣಿಗೆ ಕರೆ ಮಾಡಿ ದೂರು ಸಂಖ್ಯೆ ಪಡೆಯಬೇಕು. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ಮುಂದೆ ಯಾವ ಸಾಕ್ಷಿಯೂ ಇರುವುದಿಲ್ಲ.

ಪಟ್ಟಿಯ ಬಗ್ಗೆ ಕೊನೆಯದಾಗಿ ಒಂದು ಸಣ್ಣ ಬೇಡಿಕೆ. ಅದು ಹೆಸರಿನ ಅಕ್ಷರಾನುಕ್ರಮದಲ್ಲಿ ಬೇಡ, ಸರ್ವೆ ನಂಬರಿನ ಕ್ರಮದಲ್ಲಿರಲಿ. ಒಂದೇ ಊರಲ್ಲಿ ಒಂದೇ ಹೆಸರಿನವರು ಹತ್ತು ಜನ ಇರುತ್ತಾರೆ, ಹೆಸರಿನ ಪಟ್ಟಿಯಲ್ಲಿ ಯಾರು ಬಿಟ್ಟರೆಂದು ಹುಡುಕಲಾಗದು. ನಂಬರಿನ ಕ್ರಮದಲ್ಲಿದ್ದರೆ 112ರ ನಂತರ 114 ಬಂದ ಕೂಡಲೇ, 113ರ ಹೊಲ ಯಾರದು, ಅದರಲ್ಲಿ ಎಷ್ಟು ನೀರು ನಿಂತಿತ್ತು ಎಂಬುದನ್ನು ಪಕ್ಕದ ಹೊಲದವರೇ ಹೇಳುತ್ತಾರೆ.

ಇಂತಿ,
ಕಲಬುರಗಿ ಜಿಲ್ಲೆಯ ಓದುಗರು